ಯಾಜಕನೇ ಪಾಳೆಯದ ಹೊರಗೆ ಹೋಗಬೇಕು

ಮೊನ್ನೆ ಇಬ್ಬರು ಹುಡುಗಿಯರು ಬ್ರಹ್ಮಾವರದ ನಮ್ಮ ಮನೆಗೆ ಬಂದಿದ್ದರು. ಭಾನುವಾರ ಶಾಲೆಗೆ ಹೊಸದಾಗಿ ಪಾಠ ಹೇಳಲು ಸೇರಿದವರಂತೆ. "ಟೀಚರ್, ನಿಮ್ಮ ಅನುಭವ ಬರ್ದು ಕೊಡಿ, ನಮ್ಮಂಥವರಿಗೆ ಉಪಯೋಗ ಆಗ್ತದೆ. ಸ್ವಲ್ಪ ಸಿಹಿಯಾಗಿ ಇರ್ಲಿ" ಎಂದರು. ಸಿಹಿ ಬೇಕಾದವರು ಮನೆಯಲ್ಲಿ ಹಾಲುಬಾಯಿ ಮಾಡಿ ತಿನ್ನಲಿ. ನನ್ನ ಹತ್ತಿರ ಇರುವುದು ಸಿಟ್ಟು. ಕೆಲಸ ಬಿಟ್ಟ ಮೇಲೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಮನೆಯಲ್ಲಿ ಕೂತ ಮೇಲೆ ಹೆಚ್ಚೇ ಆಗಿದೆ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಓದಿದವರಿಗೆ ಎದ್ದು ಬಂದು ಎದೆಗೆ ಒದ್ದ ಹಾಗೆ ಆದರೆ ನಾನು ಜವಾಬ್ದಾರಳಲ್ಲ.

ನನ್ನ ಕೆಲಸ ಏನೆಂದು ನಮ್ಮ ಮನೆಯವರಿಗೇ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ನಮ್ಮ ಕ್ರೈಸ್ತ ಸಭೆಗಳಲ್ಲಿ ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುವವರು ಇರುತ್ತಾರೆ. ಅವರಿಗೆ ಪಾಠ ಹೇಳಿ ತಯಾರು ಮಾಡುವವಳು ನಾನು. ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರರ ನಡುವೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನೇತಾಡಿಕೊಂಡೇ ನನ್ನ ಆಯುಷ್ಯದ ದೊಡ್ಡ ಪಾಲು ಕಳೆಯಿತು. ನನಗೆ ವಹಿಸಿದ್ದು ಯಾರಿಗೂ ಬೇಡವಾದ ಭಾಗ, ಹಳೆಯ ಕಾಲದ ಇಬ್ರಿಯರ, ಅಂದರೆ ಯೆಹೂದ್ಯರ ಪೂರ್ವಿಕರ ಆರಾಧನೆ. ಅವರು ದೇವರಿಗೆಂದು ಕಟ್ಟಿದ ಗುಡಾರ, ಯಜ್ಞವೇದಿ, ಹೋಮ, ನೈವೇದ್ಯ, ಮಡಿ, ಮೈಲಿಗೆ, ಯಾಜಕನ ಬಟ್ಟೆ. ಯಾಜಕ ಎಂದರೆ ಅವರ ಅರ್ಚಕ. ಯೇಸುವಿನ ಕಥೆ ಹೇಳಲು ಎಲ್ಲರೂ ಮುಂದೆ ಬರುತ್ತಿದ್ದರು, ಕುರಿಯ ಕೊಬ್ಬು ಸುಡುವ ಪಾಠಕ್ಕೆ ಯಾರೂ ಇಲ್ಲ. "ಅದನ್ನ ಎಸ್ತೇರ್ ಟೀಚರಿಗೆ ಕೊಡಿ, ಅವರಿಗೆ ತಾಳ್ಮೆ ಉಂಟು" ಎಂದು ಯಾರೋ ಹೇಳಿದರಂತೆ. ನನಗೆ ತಾಳ್ಮೆ ಉಂಟು ಎಂದು ಹೇಳಿದ ಆ ಮಹಾನುಭಾವರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಆದರೆ ಕಲಿಯುತ್ತ ಹೋದ ಹಾಗೆ ನನಗೆ ಅದರ ಹುಚ್ಚು ಹಿಡಿಯಿತು. ನಮ್ಮವರು ದಿನಾ ಹಾಡುವ ಹಾಡು, ಮಾಡುವ ಪ್ರಾರ್ಥನೆ, ಪ್ರಭುಭೋಜನ, ಎಲ್ಲದರ ಬೇರು ಆ ಹಳೆಯ ಗುಡಾರದಲ್ಲಿದೆ. ಯೇಸುವನ್ನು ಕುರಿಮರಿ ಎಂದು ಯಾಕೆ ಕರೆಯುತ್ತಾರೆ ಎಂದು ಕೇಳಿದರೆ ನಮ್ಮ ಸಭೆಯ ಹಿರಿಯರೇ "ಸಾಧು ಸ್ವಭಾವ, ಅದಕ್ಕೆ" ಎನ್ನುತ್ತಿದ್ದರು. ಸಾಧು ಸ್ವಭಾವವಂತೆ! ಇಬ್ರಿಯನೊಬ್ಬ ಗುಡಾರದ ಬಾಗಿಲಿಗೆ ಪ್ರಾಣಿಯನ್ನು ಎಳೆದುಕೊಂಡು ಬಂದು, ಅದರ ತಲೆಯ ಮೇಲೆ ತನ್ನ ಕೈಯನ್ನು ಊರಿ, ತಾನೇ ಕತ್ತಿ ಹಿಡಿದು ಕೊಯ್ಯಬೇಕಿತ್ತು. ಯಾಜಕ ಕೊಯ್ಯುವುದಲ್ಲ. ತಪ್ಪು ಮಾಡಿದವನ ಕೈಗೇ ಆ ಬಿಸಿ ರಕ್ತ ತಾಗಬೇಕು. ಇದನ್ನು ತಿಳಿದವನಿಗೆ ಶಿಲುಬೆಯ ಮುಂದೆ ಸುಮ್ಮನೆ ನಿಂತು ಹಾಡಲು ಆಗುವುದಿಲ್ಲ.

ಮೊದಲ ವರ್ಷ ಬೈಂದೂರಿನ ತರಗತಿಯಲ್ಲಿ ಶುದ್ಧ ಅಶುದ್ಧ ಆಹಾರದ ಪಾಠ ತೆಗೆದುಕೊಂಡೆ. ಈಜುರೆಕ್ಕೆ, ಪೊರೆ ಎರಡೂ ಇರುವ ಮೀನನ್ನು ಮಾತ್ರ ಇಬ್ರಿಯರು ತಿನ್ನಬಹುದು ಎಂದು ಮೋಶೆ ಕೊಟ್ಟ ಧರ್ಮಶಾಸ್ತ್ರ ಹೇಳುತ್ತದೆ ಎಂದೆ. ಎದುರಿಗೆ ಕೂತವರೆಲ್ಲ ಮೀನು ಹೊತ್ತು, ಮಾರಿ, ಒಣಗಿಸಿ ಗೊತ್ತಿದ್ದ ಹೆಂಗಸರು. ಒಬ್ಬಳು ಬೆರಳು ಮಡಚುತ್ತಾ ಲೆಕ್ಕ ಹಾಕಿದಳು.

"ಹಂಗಾರೆ ಏಡಿ?"

"ಇಲ್ಲ."

"ಸಿಗಡಿ?"

"ಅದೂ ಇಲ್ಲ."

"ಮರುವಾಯಿ? ತೊರಕೆ?"

"ಯಾವುದೂ ಇಲ್ಲ."

ಅವಳು ಬೆರಳು ಬಿಚ್ಚಿ ಕೈ ಕೊಡವಿದಳು. "ಹೋಯ್ತ್! ಮೋಶೆಗೆ ಕಡ್ಲ್ ಕಂಡ್ ಗೊತ್ತೇ ಇಲ್ಲೆ ಕಾಣಿ."

ತರಗತಿ ಅಲ್ಲಿಗೇ ಮುಗಿಯಿತು, ನಕ್ಕು ನಕ್ಕು ನನಗೂ ಹೊಟ್ಟೆ ಹುಣ್ಣಾಯಿತು. ಆದರೆ ಆ ನಗುವಿನ ನಂತರ ನಾನು ಹೇಳಬೇಕಾದದ್ದನ್ನು ಹೇಳಿದೆ. ಆ ಜನ ತಮ್ಮ ತಟ್ಟೆಯಲ್ಲೂ ದೇವರನ್ನು ನೆನಪಿಟ್ಟುಕೊಳ್ಳಬೇಕಿತ್ತು, ಆ ನಿಯಮ ಅವರಿಗೆ. ನಮಗೆ ಆ ಬೇಲಿಯನ್ನು ತೆಗೆದಿದೆ, ಬೇಲಿ ಯಾಕಿತ್ತು ಎಂಬುದು ಮಾತ್ರ ಗೊತ್ತಿರಬೇಕು. ಅವರಿಗೆ ಅದು ಚೆನ್ನಾಗಿ ಅರ್ಥವಾಯಿತು. ಅರ್ಥವಾಗದೆ ಇದ್ದದ್ದು ಎಷ್ಟೋ ವರ್ಷಗಳ ನಂತರ ಘಟ್ಟದ ಮೇಲಿನಿಂದ ಬಂದ ಒಬ್ಬ ಸಂಚಾರಿ ಬೋಧಕನಿಗೆ. ಅವನು ಇಬ್ರಿಯರು ಊದುತ್ತಿದ್ದಂಥ ಟಗರಿನ ಕೊಂಬು ತಂದಿದ್ದ, ಆನ್‌ಲೈನಿನಲ್ಲಿ ತರಿಸಿದ್ದು. ಅದನ್ನು ಊದಿ, ಸಿಗಡಿ ತಿನ್ನುವವರ ಪ್ರಾರ್ಥನೆ ಮೇಲಕ್ಕೆ ಹೋಗುವುದಿಲ್ಲ ಎಂದು ಹೇಳಿ ಹೋದ. ಮಧ್ಯಾಹ್ನ ಹಿರಿಯರೊಬ್ಬರ ಮನೆಯಲ್ಲಿ ಅವನ ಊಟಕ್ಕೆ ಹಂದಿ ಮಾಂಸ. ಎರಡು ಸಲ ಹಾಕಿಸಿಕೊಂಡನಂತೆ. ಆ ನಿಯಮವಿರುವ ಪುಟದಲ್ಲೇ ಹಂದಿಯೂ ಇದೆ ಎಂದು ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ನಾಲಗೆಗೆ ಬೇಕಾಗಿತ್ತೋ. ತನಗೆ ಬೇಕಾದದ್ದು ಬಿಟ್ಟು ಬೇರೆಯವರಿಗೆ ಬೇಕಾದದ್ದನ್ನು ನಿಷೇಧಿಸುವ ಈ ಜಾತಿಯನ್ನು ನೀವು ಜೀವನವಿಡೀ ನೋಡುತ್ತೀರಿ, ಈಗಲೇ ಗುರುತು ಹಿಡಿಯಲು ಕಲಿಯಿರಿ.

ಪಾಠ ಮಾಡುವ ವಿಧಾನ ನನ್ನ ಕಣ್ಣೆದುರೇ ಹಲವು ಸಲ ಬದಲಾಯಿತು. ಮೊದಲು ಉಣ್ಣೆ ಬಟ್ಟೆ ಹೊದೆಸಿದ ಹಲಗೆ, ಅದಕ್ಕೆ ಅಂಟಿಸುವ ಬಣ್ಣದ ಚಿತ್ರಗಳು. ಫ್ಯಾನ್ ಹಾಕಿದರೆ ಮಹಾಯಾಜಕ ಹಾರಿ ಹೋಗುತ್ತಿದ್ದ. ಆಮೇಲೆ ಪ್ರೊಜೆಕ್ಟರ್ ಬಂತು. ಈಗ ಎಲ್ಲರೂ ಮೊಬೈಲಿನಲ್ಲಿ ವಿಡಿಯೋ ಹಾಕಿ ಪಕ್ಕಕ್ಕೆ ಕೂರುತ್ತಾರೆ. ವಿಡಿಯೋದಲ್ಲಿ ಗುಡಾರ ಚಿನ್ನದ ಅಂಗಡಿಯ ಹಾಗೆ ಹೊಳೆಯುತ್ತದೆ. ಹೊಗೆ ಇಲ್ಲ, ನೊಣ ಇಲ್ಲ, ನಾತ ಇಲ್ಲ. ನಿಜವಾದ ಗುಡಾರದ ಅಂಗಳ ಹೊಕ್ಕರೆ ಮೊದಲು ಸಿಗುತ್ತಿದ್ದದ್ದು ಯಜ್ಞವೇದಿ, ರಕ್ತ, ಬೂದಿ, ಸುಟ್ಟ ಕೊಬ್ಬಿನ ವಾಸನೆ. ಮೀನು ಮಾರುಕಟ್ಟೆಯ ಪಕ್ಕ ಬೆಳೆದ ಮಕ್ಕಳಿಗೆ ಅದನ್ನು ಎರಡು ಮಾತಿನಲ್ಲಿ ಹೇಳಬಹುದು. ಪೇಟೆಯ ಹಿರಿಯರಿಗೆ ಹೇಳಿದರೆ ಮೂಗಿಗೆ ಕರವಸ್ತ್ರ.

ಬ್ರಹ್ಮಾವರದಲ್ಲಿ ಒಮ್ಮೆ ಬೇಸಿಗೆ ರಜೆಯ ಬೈಬಲ್ ಶಾಲೆಗೆ ನಾವು ಗುಡಾರವನ್ನೇ ಕಟ್ಟಿದೆವು. ಶಾಮಿಯಾನ ಹಾಕುವ ಶೀನಣ್ಣನನ್ನು ಕರೆದು, ಬಾಗಿಲು ಮೂಡಣಕ್ಕೆ, ಒಳಕೋಣೆ ಪಡುವಣಕ್ಕೆ ಬರಬೇಕು ಎಂದು ಹೇಳಿದೆ. "ಆಯ್ತ್ ಟೀಚ್ರೇ, ಗಾಳಿ ಪಡುದಿಕ್ಕಿಂದ ಬಪ್ಪುದ್, ಗೂಟ ಗಟ್ಟಿ ಹೊಡೀಕ್" ಎಂದ. ಹೊಡೆದ. ಒಳಗಿನ ಮಹಾಪವಿತ್ರ ಸ್ಥಾನಕ್ಕೆ ನಾನೇ ಹೊಲಿದ ಪರದೆ. ಮಕ್ಕಳಿಗೆ ಹೇಳಿಕೊಡಬೇಕಾದದ್ದು ಆ ಪರದೆಯ ವಿಷಯ. ವರ್ಷಕ್ಕೆ ಒಂದೇ ದಿನ, ಒಬ್ಬನೇ ಒಬ್ಬ ಮಹಾಯಾಜಕ ಅದನ್ನು ದಾಟುತ್ತಿದ್ದ. ಅದೂ ತನ್ನ ಜರಿ ಬಟ್ಟೆ ಕಳಚಿಟ್ಟು, ಬರೀ ನಾರುಬಟ್ಟೆಯಲ್ಲಿ. ಯೇಸು ಪ್ರಾಣ ಬಿಟ್ಟ ಗಳಿಗೆಯಲ್ಲಿ ಗುಡಾರದ ಬದಲು ಮುಂದೆ ಕಟ್ಟಿದ ದೇವಾಲಯದ ಅಂಥದೇ ಪರದೆ ಮೇಲಿನಿಂದ ಕೆಳಗೆ ಹರಿಯಿತು ಎಂದು ನಾವು ನಂಬುತ್ತೇವೆ. ಅಂದರೆ ಇನ್ನು ಮೇಲೆ ಯಾರೂ ಹೊರಗಿನವರಲ್ಲ. ಕೊನೆಯ ದಿನ ಮಕ್ಕಳೇ ಆ ಪರದೆ ಹರಿಯಬೇಕು, ಎಲ್ಲರೂ ಒಳಗೆ ನುಗ್ಗಬೇಕು ಎಂದು ನನ್ನ ಯೋಜನೆ.

ಬೆಳಿಗ್ಗೆ ಹೋಗಿ ನೋಡಿದರೆ ಪರದೆಯ ಎದುರು ಕೆಂಪು ರಿಬ್ಬನ್! ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ಕತ್ತರಿ. ಉದ್ಘಾಟನೆಗೆ ಮುಖ್ಯ ಅತಿಥಿಗಳು ಬರುತ್ತಾರಂತೆ. ಜರಿ ಶಾಲು ಹೊದ್ದ ಅತಿಥಿಗಳು ರಿಬ್ಬನ್ ಕತ್ತರಿಸಿ ಮಹಾಪವಿತ್ರ ಸ್ಥಾನದೊಳಗೆ ಹೋದರು, ಅವರ ಹೆಂಡತಿ ಹೋದರು, ಹಿರಿಯರು ಹೋದರು, ದೇವರ ಆಜ್ಞೆಗಳ ಪೆಟ್ಟಿಗೆಯಾದ ಮಂಜೂಷದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮಕ್ಕಳನ್ನು ಹಗ್ಗ ಕಟ್ಟಿ ಹೊರಗೆ ನಿಲ್ಲಿಸಿದ್ದರು, ಒಳಗೆ ಬಿಟ್ಟರೆ ಗಲೀಜಾಗುತ್ತದೆ ಎಂದು. ನಾನು ಹೋಗಿ ಆ ಪರದೆಯನ್ನು ಎರಡು ಕೈಯಲ್ಲಿ ಹಿಡಿದು ಪರ್ರೆಂದು ಹರಿದೆ. ಫೋಟೋ ಕೆಟ್ಟಿತು. ಕುಂದಾಪುರದ ಕಚೇರಿಯಿಂದ ನನಗೆ ಕರೆ ಬಂತು.

ಆ ಕಚೇರಿಯಲ್ಲಿ ನಮ್ಮ ಮೇಲ್ವಿಚಾರಕರು ಕೂರುತ್ತಿದ್ದರು. ಒಳ್ಳೆಯ ಇಸ್ತ್ರಿಯ ಅಂಗಿ, ಮೆತ್ತನೆ ಮಾತು. ಬೈದರೂ ಆಶೀರ್ವಾದ ಮಾಡಿದ ಹಾಗೆ ಕೇಳುತ್ತಿತ್ತು. ಪರದೆಯ ವಿಚಾರ ಎರಡು ಮಾತಿನಲ್ಲಿ ಮುಗಿಸಿ ಅವರು ಪಾಠದ ಪುಸ್ತಕ ತೆಗೆದರು. ಮೂರೂ ಕಡೆಯ ಶಿಕ್ಷಕರಿಗಾಗಿ ನಾನು ಬರೆದ ಕರಡು ಅದು. ಚರ್ಮರೋಗದ ಪಾಠದಲ್ಲಿ ಎರಡು ಭಾಗ ಮಾಡಿದ್ದೆ. ಒಂದು, ರೋಗ ಬಂದವನನ್ನು ಪಾಳೆಯದ ಹೊರಗೆ ಇಡುವುದು. ಪಾಳೆಯ ಎಂದರೆ ಅವರು ಡೇರೆ ಹಾಕಿಕೊಂಡು ಇದ್ದ ಜಾಗ, ಅವರ ಊರು. ಇನ್ನೊಂದು, ವಾಸಿಯಾದವನನ್ನು ಮತ್ತೆ ಒಳಗೆ ಕರೆತರುವುದು. ಎರಡನೆಯ ಭಾಗದ ಮೇಲೆ ಅಡ್ಡಗೆರೆ ಎಳೆದಿದ್ದರು.

"ಹಕ್ಕಿ ಕೊಯ್ಯುವುದು, ಕಿವಿಗೆ ರಕ್ತ ಹಚ್ಚುವುದು, ಇದೆಲ್ಲ ಮಕ್ಕಳಿಗೆ ಬೇಕಾ ಟೀಚರ್? ಪುಟವೂ ಉಳೀತದೆ" ಎಂದರು.

"ಹಾಗಾದರೆ ಮೊದಲನೆಯದನ್ನೂ ತೆಗೀರಿ ಸರ್. ಹೊರಗೆ ಹಾಕುವುದನ್ನು ಮಾತ್ರ ಕಲಿಸಿದರೆ ಏನು ಕಲಿಸಿದ ಹಾಗಾಯಿತು?"

"ಅದು ಶುಚಿತ್ವದ ಪಾಠ ಅಲ್ವಾ, ಒಳ್ಳೇದು. ಇರಲಿ."

ಹಾಗೆಯೇ ಅಚ್ಚಾಯಿತು. ನಾನು ಬಾಯಿಮಾತಿನಲ್ಲಿ ಎರಡನೆಯ ಭಾಗ ಹೇಳುತ್ತಲೇ ಬಂದೆ. ಆದರೆ ಪುಸ್ತಕದಲ್ಲಿ ಇರುವುದನ್ನು ಜನ ನಂಬುತ್ತಾರೆ, ಹೆಂಗಸೊಬ್ಬಳು ಬಾಯಲ್ಲಿ ಹೇಳಿದ್ದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಅರ್ಧ ಪಾಠ ಕಲಿತ ಮಕ್ಕಳು ದೊಡ್ಡವರಾದರು, ಕೆಲವರು ಹಿರಿಯರಾದರು. ಅದರ ಫಲ ಏನಾಯಿತು ಎಂದು ಹೇಳಲಿಕ್ಕೇ ನಾನು ಇದನ್ನು ಬರೆಯುತ್ತಿರುವುದು.

ಬೈಂದೂರು ಕಡೆಯ ಒಂದು ಸಣ್ಣ ಸಭೆ. ಹೆಸರು ಬರೆಯುವುದಿಲ್ಲ. ಅಲ್ಲಿ ಸಲೋಮಕ್ಕ ಎಂಬ ಹೆಂಗಸು ಇದ್ದಾರೆ. ಗಂಡ ತೀರಿಕೊಂಡ ಮೇಲೆ ಮೀನು ಒಣಗಿಸಿ ಮಾರಿ ಬದುಕಿದವರು. ಅವರಿಗೆ ಕುಷ್ಠರೋಗ ಬಂದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ತಿಂದು ಪೂರ್ತಿ ವಾಸಿಯಾಯಿತು. ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಉಳಿದದ್ದು ಬಲಗೈಯ ಎರಡು ಮಡಚಿದ ಬೆರಳು, ಅಷ್ಟೆ. ಆ ಬೆರಳಲ್ಲೇ ಅವರು ಮೀನು ಸೀಳುತ್ತಿದ್ದರು, ಅದೇ ಒಣಮೀನನ್ನು ಸಭೆಯವರೆಲ್ಲ ಮಳೆಗಾಲಕ್ಕೆಂದು ಕೊಂಡುಹೋಗುತ್ತಿದ್ದರು. ತಿನ್ನುವಾಗ ಯಾರಿಗೂ ಬೆರಳು ಕಾಣುತ್ತಿರಲಿಲ್ಲ. ಪ್ರಭುಭೋಜನದ ದಿನ ಮಾತ್ರ ಕಾಣುತ್ತಿತ್ತು.

ಪ್ರಭುಭೋಜನ ಎಂದರೆ ನಮ್ಮಲ್ಲಿ ಒಂದೇ ರೊಟ್ಟಿಯನ್ನು ಮುರಿದು, ಒಂದೇ ಪಾತ್ರೆಯ ದ್ರಾಕ್ಷಾರಸವನ್ನು ಒಬ್ಬರಾದ ಮೇಲೊಬ್ಬರು ಕುಡಿಯುವುದು. ಸಲೋಮಕ್ಕನನ್ನು ಅಂದು ಕೊನೆಯ ಬೆಂಚಿನಲ್ಲಿ ಕೂರಿಸುತ್ತಿದ್ದರು. ಎಲ್ಲರದೂ ಮುಗಿದ ಮೇಲೆ ಒಂದು ಸ್ಟೀಲ್ ಲೋಟಕ್ಕೆ ಸ್ವಲ್ಪ ರಸ ಬಗ್ಗಿಸಿ, ಕಸ ಗುಡಿಸುವವನ ಕೈಯಲ್ಲಿ ಅವರಿಗೆ ಕಳಿಸುತ್ತಿದ್ದರು. ನಾನು ಅದನ್ನು ಮೊದಲ ಸಲ ನೋಡಿದಾಗ ನನಗೆ ಅಜ್ಜಿ ನೆನಪಾದಳು. ಈ ಸೀಮೆಯಲ್ಲಿ ಬೇರೆ ಲೋಟ ಎಂದರೆ ಏನರ್ಥ ಎಂದು ನನ್ನ ಅಜ್ಜಿಗೆ ಗೊತ್ತಿತ್ತು. ಹೋಟೆಲಿನ ಹಿಂಬದಿ ಅವಳಿಗೆ ತೆಂಗಿನ ಗೆರಟೆಯಲ್ಲಿ ಚಾ ಹೊಯ್ದು ಕೊಟ್ಟ ಕಾಲವಿತ್ತು. ಅಂಥ ಗೆರಟೆಯಿಂದ ಬಿಡಿಸಿಕೊಳ್ಳಲೆಂದೇ ನಮ್ಮ ಹಿಂದಿನವರು ಈ ಪಾತ್ರೆಯ ಹತ್ತಿರ ಬಂದದ್ದು. ಆ ಪಾತ್ರೆ ಹಿಡಿದವರೇ ಈಗ ಬೇರೆ ಲೋಟ ಇಟ್ಟಿದ್ದರು.

ಆರಾಧನೆ ಮುಗಿದ ಕೂಡಲೇ ಸಭಾಪಾಲಕರ ಕೋಣೆಗೆ ಹೋದೆ. ಸಭಾಪಾಲಕರು ಎಂದರೆ ಆರಾಧನೆ ನಡೆಸುವ ಪಾದ್ರಿ. ನಲವತ್ತೂ ಆಗದ ಮನುಷ್ಯ, ಕೆಟ್ಟವನಲ್ಲ, ಹೆದರುಪುಕ್ಕಲ.

"ಅಯ್ಯನವ್ರೇ, ಆ ಲೋಟ ಯಾಕೆ?"

"ಹಿರಿಯರ ತೀರ್ಮಾನ ಟೀಚರ್. ನಾನೇನು ಮಾಡಲಿ? ಧರ್ಮಶಾಸ್ತ್ರದಲ್ಲೂ ಹಾಗೇ ಇದೆಯಲ್ಲ, ಪಾಳೆಯದ ಹೊರಗೆ ಇರಬೇಕು ಅಂತ. ನಾನು ಭಾನುವಾರ ಶಾಲೆಯಲ್ಲಿ ಕಲಿತದ್ದು ನಿಮ್ಮ ಪುಸ್ತಕದಿಂದಲೇ."

ಪುಸ್ತಕದಿಂದಲೇ! ಅಡ್ಡಗೆರೆ ಎಳೆದ ಆ ಅರ್ಧ ಪುಸ್ತಕದಿಂದ! ನನಗೆ ಎದುರಿನ ಮೇಜು ಎತ್ತಿ ಹಾಕುವಷ್ಟು ಸಿಟ್ಟು ಬಂತು. ಕೂತುಕೊಂಡು ಅವರಿಗೆ ಉಳಿದ ಅರ್ಧ ಹೇಳಿದೆ. ಆ ನಿಯಮದಲ್ಲಿ ಹೇಳಿದ ಮಚ್ಚೆ ಈಗಿನ ಕುಷ್ಠವೇ ಎಂದು ಯಾರಿಗೂ ಗೊತ್ತಿಲ್ಲ. ಬಟ್ಟೆಗೆ, ಮನೆಯ ಗೋಡೆಗೆ ಬರುವ ಬೂಷ್ಟನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದಾರೆ. ಹಸಿರು ಮಚ್ಚೆ ಬಂದ ಗೋಡೆಯ ಕಲ್ಲು ಕಿತ್ತು ಊರ ಹೊರಗೆ ಎಸೆಯಬೇಕು. "ಮೊದಲು ನಿಮ್ಮ ಸಭಾಮಂದಿರದ ಗೋಡೆ ನೋಡಿ ಅಯ್ಯನವ್ರೇ" ಎಂದೆ. ಆಷಾಢ ತಿಂಗಳು, ಅವರ ತಲೆಯ ಹಿಂದೆ ಗೋಡೆ ನೆಲದಿಂದ ಕಿಟಕಿಯವರೆಗೆ ಹಸಿರಾಗಿತ್ತು. ಅವರು ತಿರುಗಿ ನೋಡಿ ಕುರ್ಚಿಯನ್ನು ಗೋಡೆಯಿಂದ ಮುಂದಕ್ಕೆ ಎಳೆದುಕೊಂಡರು.

ನಾನು ಬಿಡಲಿಲ್ಲ. ವಾಸಿಯಾದ ರೋಗಿ ಯಾಜಕನ ಹತ್ತಿರ ಬಂದು ಬೇಡಿಕೊಳ್ಳಬೇಕಾಗಿಲ್ಲ, ಯಾಜಕನೇ ಪಾಳೆಯದ ಹೊರಗೆ ಅವನಿದ್ದಲ್ಲಿಗೆ ನಡೆದುಹೋಗಬೇಕು. ಅದು ಅವನ ಕೆಲಸ. ಎರಡು ಹಕ್ಕಿ ತರಿಸಿ, ಒಂದನ್ನು ಕೊಯ್ದು, ಅದರ ರಕ್ತದಲ್ಲಿ ಅದ್ದಿದ ಇನ್ನೊಂದನ್ನು ಬಯಲಲ್ಲಿ ಹಾರಿಬಿಡಬೇಕು. ಆಮೇಲೆ ಯಜ್ಞದ ರಕ್ತವನ್ನು ಆ ಮನುಷ್ಯನ ಬಲಗಿವಿಯ ತುದಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚಬೇಕು. ಅದರ ಮೇಲೆ ಎಣ್ಣೆ. ಇಡೀ ಧರ್ಮಶಾಸ್ತ್ರದಲ್ಲಿ ಹೀಗೆ ಕಿವಿ, ಕೈ, ಕಾಲಿಗೆ ರಕ್ತ ಹಚ್ಚುವುದು ಇನ್ನು ಯಾರಿಗೆ ಗೊತ್ತಾ? ಯಾಜಕನಿಗೆ ಪಟ್ಟ ಕಟ್ಟುವ ದಿನ, ಯಾಜಕನಿಗೇ. ನಿನ್ನೆಯವರೆಗೆ ಊರ ಹೊರಗೆ ಕೂತಿದ್ದವನನ್ನು ಮಹಾಯಾಜಕನ ಹಾಗೆ ಅಭಿಷೇಕ ಮಾಡಿ ಒಳಗೆ ಕರೆದುಕೊಳ್ಳುತ್ತಾರೆ. ಯೇಸು ಸತ್ತದ್ದೂ ಊರ ಬಾಗಿಲಿನ ಹೊರಗೆ. ಹಾಗಾದರೆ ನಮ್ಮ ದೇವರು ಯಾವ ಬೆಂಚಿನಲ್ಲಿ ಕೂತಿದ್ದಾನೆ ಎಂದು ಕೇಳಿದೆ.

"ನೀವು ಹೇಳುವುದು ಸರಿ. ಆದರೆ ಹಿರಿಯರು ಒಪ್ಪಬೇಕಲ್ಲ" ಎಂದರು ಸಭಾಪಾಲಕರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ಮುಂದಿನ ವಾರ ನನ್ನ ತರಗತಿಯನ್ನು ಸಭಾಮಂದಿರದಲ್ಲಿ ಮಾಡಲಿಲ್ಲ. ಶಿಕ್ಷಕರನ್ನೆಲ್ಲ ಕರೆದುಕೊಂಡು ಸಲೋಮಕ್ಕನ ಮನೆಗೆ ನಡೆದೆ. ಅಂಗಳದಲ್ಲಿ ಮೀನು ಹರಡಿತ್ತು, ಅವರು ಕಾಗೆ ಓಡಿಸುತ್ತಾ ಕೂತಿದ್ದರು. ನಮ್ಮ ದಂಡು ಕಂಡು ಗಾಬರಿಯಾಗಿ ಎದ್ದರು.

"ಎಂತ ಆಯ್ತ್ ಟೀಚ್ರೇ? ಯಾರಿಗ್ ಎಂತ ಆಯ್ತ್?"

"ಯಾರಿಗೂ ಏನೂ ಆಗ್ಲಿಲ್ಲ ಸಲೋಮಕ್ಕ. ಪಾಠ ಮಾಡ್ಲಿಕ್ಕೆ ಬಂದದ್ದು."

"ನಮ್ಮ್ ಮನಿಯಂಗಾ? ಮೀನ್ ವಾಸ್ನಿ ಬತ್ತ್ ಮಾರಾಯ್ರೆ."

ಅಲ್ಲೇ ಚಾಪೆ ಹಾಸಿ ಕಿವಿ, ಕೈ, ಕಾಲಿನ ಪಾಠ ಹೇಳಿದೆ. ಸಲೋಮಕ್ಕ ಬಾಗಿಲಿಗೆ ಒರಗಿ ಕೇಳಿದರು. ಮುಗಿದ ಮೇಲೆ ಎಲ್ಲರಿಗೂ ಚಾ ಮಾಡಿದರು. ನನ್ನ ಶಿಕ್ಷಕರಲ್ಲಿ ಇಬ್ಬರು ಹೊಟ್ಟೆ ಸರಿ ಇಲ್ಲ ಎಂದು ಕುಡಿಯಲಿಲ್ಲ. ಅವರ ಹೆಸರು ನನಗೆ ಇವತ್ತಿಗೂ ನೆನಪಿದೆ, ಬರೆಯುವುದಿಲ್ಲ, ಓದಿದಾಗ ಅವರಿಗೇ ಗೊತ್ತಾಗುತ್ತದೆ. ಹೊರಡುವಾಗ ಸಲೋಮಕ್ಕ ನನ್ನನ್ನು ಬದಿಗೆ ಕರೆದರು.

"ಟೀಚ್ರೇ, ನಂಗೆ ಎಣ್ಣೆ ಗಿಣ್ಣೆ ಎಂತದೂ ಬ್ಯಾಡ. ಎದ್ರ್ ಬೆಂಚೂ ಬ್ಯಾಡ. ಸಾಯೂಕ್ ಮುಂಚೆ ಒಂದ್ ಸಲ, ಎಲ್ಲರೂ ಕುಡು ಪಾತ್ರಿಯಂಗೆ ಕುಡೀಕ್. ಅಷ್ಟೇ. ಅದ್ ಆತ್ತಾ?"

ಆಗುತ್ತದೆ ಎಂದುಬಿಟ್ಟೆ. ಹೇಳಿದ ಮೇಲೆ ಮಾಡಬೇಕಲ್ಲ. ಹಿರಿಯರ ಸಭೆಗೆ ಹೋದೆ, ಬೈಸಿಕೊಂಡೆ. ಕುಂದಾಪುರದ ಕಚೇರಿಗೆ ಹೋದೆ, ಮೆತ್ತಗೆ ಬೈಸಿಕೊಂಡೆ. ಡಾಕ್ಟರನ್ನೇ ಸಭೆಗೆ ಕರೆತಂದು ಮಾತಾಡಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಡಾಕ್ಟರಿಗೆ ಶಾಲು ಹೊದೆಸಿದರು, ಲೋಟ ಮಾತ್ರ ಇದ್ದಲ್ಲೇ ಇತ್ತು. ವಾದ ಮಾಡುವವನನ್ನು ಗೆಲ್ಲಬಹುದು, ಹೂಂ ಎಂದು ತಲೆಯಾಡಿಸುವವನನ್ನು ಗೆಲ್ಲಲು ನನಗೆ ಇವತ್ತಿಗೂ ಬರಲಿಲ್ಲ.

ಅಷ್ಟರಲ್ಲಿ ಕೊರೋನಾ ಬಂತು. ಸಭಾಮಂದಿರಗಳು ಮುಚ್ಚಿ, ಮತ್ತೆ ತೆರೆದವು. ತೆರೆದಾಗ ಹೊಸ ಕ್ರಮ. ಒಂದೇ ಪಾತ್ರೆ ಬೇಡ, ಒಬ್ಬೊಬ್ಬರಿಗೆ ಒಂದೊಂದು ಪುಟಾಣಿ ಗ್ಲಾಸು, ಟ್ರೇಯಲ್ಲಿ ಸಾಲಾಗಿ ಜೋಡಿಸಿಟ್ಟದ್ದು. ಆ ಸಮಯಕ್ಕೆ ಅದು ಬೇಕಿತ್ತು, ನಾನು ಇಲ್ಲ ಎನ್ನುವುದಿಲ್ಲ. ಆದರೆ ರೋಗ ಹೋದ ಮೇಲೂ ಟ್ರೇ ಹೋಗಲಿಲ್ಲ. ಹಿರಿಯರೊಬ್ಬರು ನನ್ನ ಹತ್ತಿರ ಬಂದು ಹಲ್ಲು ಕಿರಿದರು. "ಈಗ ನಿಮ್ಗೆ ಸಮಾಧಾನ ಅಲ್ದಾ ಟೀಚ್ರೇ? ಲೋಟ ತೆಗ್ದಾಯ್ತ್. ಸಲೋಮಿಗೂ ಎಲ್ಲರಂಗೆ ಗ್ಲಾಸ್. ಭೇದಭಾವವೇ ಇಲ್ಲೆ."

ಆ ದಿನ ಸಲೋಮಕ್ಕ ಟ್ರೇಯಿಂದ ತಮ್ಮ ಗ್ಲಾಸು ತೆಗೆದುಕೊಂಡು ಅತ್ತಿತ್ತ ನೋಡಿದರು. ನೂರು ಜನ, ನೂರು ಗ್ಲಾಸು. ನನ್ನ ಕಿವಿಯ ಹತ್ತಿರ ಬಾಗಿ, "ಕಂಡ್ರ್ಯಾ ಟೀಚ್ರೇ, ನನ್ನ್ ಒಳ್ಗ್ ಕರೂಕಾಗ್ದೆ ಎಲ್ಲರೂ ನನ್ನಂಗೇ ಹೊರ್ಗ್ ಬಂದ್ರ್" ಎಂದರು. ನಗುತ್ತಲೇ ಹೇಳಿದರು. ನಾನು ಮನೆಗೆ ಬಂದು ಅತ್ತೆ. ಆ ಅಳುವಿನಲ್ಲಿ ದುಃಖಕ್ಕಿಂತ ರೊಚ್ಚೇ ಜಾಸ್ತಿ ಇತ್ತು.

ನಾನು ನಿವೃತ್ತಳಾಗುವ ತಿಂಗಳು ಬಂತು. ಮೂರೂ ಕಡೆ ಬೀಳ್ಕೊಡುಗೆ ಇಟ್ಟರು. ಬೈಂದೂರು ಕಡೆಯ ಆ ಸಭೆಯ ಸಭಾಪಾಲಕರು ಫೋನ್ ಮಾಡಿ, ನೆನಪಿಗೆ ಏನು ಕೊಡಲಿ, ಗಡಿಯಾರವೋ ಸೀರೆಯೋ ಎಂದು ಕೇಳಿದರು. ಎರಡೂ ಬೇಡ ಎಂದೆ. ಅವತ್ತು ಪ್ರಭುಭೋಜನ ಇದೆಯಲ್ಲ, ಅವತ್ತು ಒಂದು ದಿನ ಹಳೆಯ ಪಾತ್ರೆ ತೆಗೆಯಿರಿ, ಒಂದೇ ಪಾತ್ರೆಯಲ್ಲಿ ಕೊಡಿ, ಅದೇ ನನ್ನ ಉಡುಗೊರೆ ಎಂದೆ. ಹೋಗುವವಳ ಮಾತು ತೆಗೆದುಹಾಕಲು ಅವರಿಗೆ ಮುಖ ಬರಲಿಲ್ಲ. ಟ್ರೇಯೂ ಇರುತ್ತದೆ, ಇಷ್ಟ ಇದ್ದವರು ಪಾತ್ರೆಗೆ ಬರಬಹುದು ಎಂದರು. ಸರಿ, ಅದೇ ಆಗಲಿ ಎಂದೆ.

ಆ ಭಾನುವಾರ ಮಂದಿರ ತುಂಬಿತ್ತು. ಹೊಗಳಿಕೆಯ ಭಾಷಣಗಳಾದವು. ಪರದೆ ಹರಿದವಳನ್ನು ಶಾಂತ ಸ್ವಭಾವದವಳು ಎಂದರು. ಆಮೇಲೆ ಸಭಾಪಾಲಕರು ರೊಟ್ಟಿ ಮುರಿದು, ಪಾತ್ರೆ ಎತ್ತಿ, ಪ್ರಾರ್ಥನೆ ಮಾಡಿದರು. ನಾನು ಹಿಂದಿನ ಬೆಂಚಿಗೆ ಹೋಗಿ ಸಲೋಮಕ್ಕನ ಕೈ ಹಿಡಿದೆ. ಅವರ ಮಡಚಿದ ಬೆರಳು ಐಸಿನ ಹಾಗೆ ತಣ್ಣಗಿತ್ತು. ಇಬ್ಬರೂ ನಡುದಾರಿಯಲ್ಲಿ ನಡೆದು ಮುಂದೆ ಬಂದೆವು. ಸಭಾಪಾಲಕರು ಪಾತ್ರೆ ಬಗ್ಗಿಸಿದರು, ಸಲೋಮಕ್ಕ ಕುಡಿದರು. ಅಂಚನ್ನು ಒರೆಸಲು ಸಭಾಪಾಲಕರು ಬಟ್ಟೆ ತೆಗೆಯುವ ಮೊದಲೇ ನಾನು ಬಾಯಿಟ್ಟು ಕುಡಿದೆ. ತಿರುಗಿ ನಿಂತು ನೋಡಿದೆ.

ಯಾರೂ ಏಳಲಿಲ್ಲ. ನಾನು ಕಲಿಸಿದ ಶಿಕ್ಷಕರು ಅಲ್ಲಿದ್ದರು. ಅಂಗಳದ ಚಾಪೆಯ ಮೇಲೆ ಕೂತು ಕೇಳಿದವರು, ಸಲೋಮಕ್ಕನ ಚಾ ಕುಡಿದವರು ಕೂಡ. ಎಲ್ಲರೂ ತಲೆ ತಗ್ಗಿಸಿ ಟ್ರೇಗೆ ಕಾಯುತ್ತಿದ್ದರು. ಟ್ರೇ ಹೋಯಿತು, ಬಂತು, ಎಲ್ಲರೂ ಚಪ್ಪರಿಸಿದರು. ನನ್ನ ಇಷ್ಟು ವರ್ಷದ ಪಾಠ ಎಲ್ಲಿಗೆ ಮುಟ್ಟಿತ್ತು ಎಂದು ಆವತ್ತು ನನಗೆ ಚೆನ್ನಾಗಿ ಗೊತ್ತಾಯಿತು.

ಆದರೆ ಪಾತ್ರೆ ಇನ್ನೂ ತುಂಬಿತ್ತು. ನಮ್ಮಲ್ಲಿ ಒಂದು ಕ್ರಮವಿದೆ. ಆಶೀರ್ವದಿಸಿದ ರಸ ಉಳಿದರೆ ಚೆಲ್ಲುವಂತಿಲ್ಲ, ಬಾಟಲಿಗೆ ಮತ್ತೆ ಹಾಕುವಂತಿಲ್ಲ. ಕೊಟ್ಟವರೇ ಅಲ್ಲೇ ನಿಂತು ಅದನ್ನು ಪೂರ್ತಿ ಕುಡಿದು ಮುಗಿಸಬೇಕು. ನೂರು ಜನಕ್ಕೆಂದು ತುಂಬಿದ ಪಾತ್ರೆ ಹಿಡಿದು ಸಭಾಪಾಲಕರು ನಿಂತಿದ್ದರು. ಅದರಲ್ಲಿ ಇಬ್ಬರೇ ಕುಡಿದದ್ದು, ಮೊದಲು ಸಲೋಮಕ್ಕ. ಸಭಾಪಾಲಕರು ಹಿರಿಯರ ಬೆಂಚಿನ ಕಡೆ ನೋಡಿದರು. ಹಿರಿಯರು ಹಾಡಿನ ಪುಸ್ತಕ ನೋಡಿದರು. ಹಾರ್ಮೋನಿಯಂ ನಿಂತಿತ್ತು. ಸಲೋಮಕ್ಕ ತಮ್ಮ ಬೆಂಚಿಗೆ ಮರಳದೆ ಅವರ ಎದುರೇ ನಿಂತು ಕಾಯುತ್ತಿದ್ದರು, ಮಗನ ಊಟ ಮುಗಿಯಲಿ ಎಂದು ಕಾಯುವ ತಾಯಿಯ ಹಾಗೆ.

ಸಭಾಪಾಲಕರು ಕಣ್ಣು ಮುಚ್ಚಿ ಕುಡಿಯಲು ಶುರು ಮಾಡಿದರು. ಮಧ್ಯದಲ್ಲಿ ಒಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಂಡರು, ಗಂಟಲಿನಿಂದ ಅಳುವಿನಂಥ ಸದ್ದು ಬಂತು, ಮತ್ತೆ ಕುಡಿದರು. ಪೂರ್ತಿ ಮುಗಿಸಿದರು. ಪಾತ್ರೆ ಕೆಳಗಿಟ್ಟಾಗ ಅವರ ಬಿಳಿ ನಿಲುವಂಗಿಯ ಎದೆಯ ಮೇಲೆ ಕೆಂಪು ಕಲೆಯಾಗಿತ್ತು.

ಸಲೋಮಕ್ಕ ತಮ್ಮ ಸೆರಗಿನಿಂದ ಆ ಕಲೆ ಒರೆಸಿದರು. ಸಭಾಪಾಲಕರು ಅವರ ಕೈ ತಳ್ಳಲಿಲ್ಲ.

ಕಥೆ ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಸುಳ್ಳಾಗುತ್ತದೆ. ಮರುತಿಂಗಳು ಪಾತ್ರೆ ಬೀರುವಿಗೆ ಹೋಯಿತು, ಟ್ರೇ ಮಾತ್ರ ಬಂತು. ಆ ಸಭಾಪಾಲಕರಿಗೆ ಬೇರೆ ಕಡೆ ವರ್ಗವಾಯಿತು. ಸಲೋಮಕ್ಕ ಮಾತ್ರ ಮತ್ತೆ ಕೊನೆಯ ಬೆಂಚಿಗೆ ಹೋಗಲಿಲ್ಲ. ಎದುರು ಬೆಂಚು ಬೇಡ ಎಂದಿದ್ದವರು ಈಗ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಮೊದಲ ಬೆಂಚಿನ ನಡುವೆ ಕೂರುತ್ತಾರೆ. ಅವರ ಎರಡೂ ಬದಿ ಖಾಲಿ. ಮಂದಿರ ತುಂಬಿ ಜನ ಜಗಲಿಯಲ್ಲಿ ನಿಂತರೂ ಆ ಬೆಂಚು ಖಾಲಿ. ನನ್ನ ಮೊಣಕಾಲು ಈಗ ಬಸ್ಸು ಹತ್ತಲು ಬಿಡುವುದಿಲ್ಲ, ಇಲ್ಲದಿದ್ದರೆ ನಾನು ಅಲ್ಲಿರುತ್ತಿದ್ದೆ.

ಅನುಭವ ಬರೆದುಕೊಡಿ ಎಂದ ಹುಡುಗಿಯರೇ, ಗುಡಾರದ ಉದ್ದಗಲ ನಿಮಗೆ ವಿಡಿಯೋ ಹೇಳಿಕೊಡುತ್ತದೆ, ಅದಕ್ಕೆ ನಾನು ಬೇಡ. ಬೈಂದೂರಿಗೆ ನಿಮ್ಮ ಮನೆಯ ಹತ್ತಿರದಿಂದ ಬಸ್ಸಿದೆ, ಸಭೆಯ ಹೆಸರು ಬಂದು ಕೇಳಿದರೆ ಹೇಳುತ್ತೇನೆ. ಮೊದಲು ಹೋಗಿ ಆ ಬೆಂಚಿನಲ್ಲಿ ಕೂತು ಬನ್ನಿ. ಆಮೇಲೆ ಬೇಕಾದರೆ ಮಕ್ಕಳಿಗೆ ಪಾಠ ಮಾಡಿ.